ಅದು ಯಾವ ಕಮ್ಯುನಿಟಿಯವರ ಕಾಲೇಜು?

ಇವತ್ತು ರಾಜಕೀಯ ಬೇಡ. ಒಂದು ಮನೆ ಮಾತಿನಿಂದ ಶುರು ಮಾಡ್ತೀನಿ.

ನಾಲ್ಕು ವರ್ಷದ ಹಿಂದಿನ ಮಾತು. ದಸರಾ ರಜೆಗೆ ದಾವಣಗೆರೆಗೆ ಹೋಗಿದ್ದೆ. ನಮ್ಮ ಬೀದಿಯ ಹಿರಿಯರೊಬ್ಬರು ಮನೆಗೆ ಬಂದಿದ್ದರು. ಮಂಡಕ್ಕಿ, ಮಿರ್ಚಿ, ಚಹಾ ಎಲ್ಲ ಆಯ್ತು. ಆಮೇಲೆ ಅಮ್ಮನನ್ನು ಕೇಳಿದರು, "ಅಮೆರಿಕದ ಮೊಮ್ಮಗ ಈಗ ಏನು ಓದ್ತಿದಾನೆ?" ಅಮ್ಮ "ಕಾಲೇಜು" ಅಂದರು. "ಯಾವ ಕಾಲೇಜು?" ಅಮ್ಮ ಸ್ವಲ್ಪ ತಡವರಿಸಿದರು. "ಅದೇನೋ ಕಮ್ಯುನಿಟಿ ಕಾಲೇಜಂತೆ." ಹಿರಿಯರು ಚಹಾ ಲೋಟ ಕೆಳಗಿಟ್ಟು ಬಹಳ ಆಸಕ್ತಿಯಿಂದ ಕೇಳಿದರು, "ಓಹೋ, ಅಲ್ಲೂ ಕಟ್ಟಿದಾರಾ? ಯಾವ ಕಮ್ಯುನಿಟಿಯವರದ್ದು?"

ನನಗೆ ನಗು ತಡೆಯೋಕಾಗಲಿಲ್ಲ. ಆದರೆ ಅವರ ತಪ್ಪೇನೂ ಇಲ್ಲ. ನಮ್ಮಲ್ಲಿ ಕಮ್ಯುನಿಟಿ ಅಂದ್ರೆ ಒಂದೇ ಅರ್ಥ. ಕಾಲೇಜು ಕಟ್ಟಿದವರು ಯಾರು, ಆಡಳಿತ ಮಂಡಳಿಯಲ್ಲಿ ಯಾರ್ಯಾರಿದ್ದಾರೆ ಅನ್ನೋದು ನಮಗೆ ಸಿಲೆಬಸ್‌ಗಿಂತ ಮೊದಲು ಗೊತ್ತಿರುತ್ತೆ. ಅವರು ಹೋದ ಮೇಲೆ ಅಮ್ಮ ನಗಲಿಲ್ಲ. "ನಿಮ್ಮಕ್ಕ ಯಾಕೋ ಸರಿಯಾಗಿ ಹೇಳ್ತಿಲ್ಲ. ಹುಡುಗನಿಗೆ ಒಳ್ಳೆ ಯೂನಿವರ್ಸಿಟಿಲಿ ಸೀಟು ಸಿಗಲಿಲ್ಲ ಅನ್ಸುತ್ತೆ. ಯಾರ ಹತ್ರಾನೂ ಹೇಳಬೇಡ" ಅಂದರು.

ಈ "ಯಾರ ಹತ್ರಾನೂ ಹೇಳಬೇಡ" ಅನ್ನೋ ಮಾತಿಗೇ ಇವತ್ತಿನ ಕಾರ್ಯಕ್ರಮ. ಯಾಕಂದ್ರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇರಲಿಲ್ಲ. ಎಚ್ಚರಿಕೆ ಪಡುವಂಥದ್ದು ಬೇಕಾದಷ್ಟು ಇತ್ತು. ನಾವು ನಾಚಿಕೆ ಪಟ್ಟೆವು, ಎಚ್ಚರಿಕೆ ಮರೆತೆವು. ನಾವು ಅಂದ್ರೆ, ಮುಖ್ಯವಾಗಿ ನಾನು. ಅದನ್ನು ಆಮೇಲೆ ಹೇಳ್ತೀನಿ.

ಮೊದಲು, ಏನಿದು ಕಮ್ಯುನಿಟಿ ಕಾಲೇಜು?

ಅಲ್ಲಿ ಕಮ್ಯುನಿಟಿ ಅಂದ್ರೆ ಜಾತಿ ಅಲ್ಲ, ಊರು. ಊರವರ ತೆರಿಗೆ ಹಣದಲ್ಲಿ, ಊರವರಿಗಾಗಿ ನಡೆಯುವ ಎರಡು ವರ್ಷದ ಕಾಲೇಜು. ಅಮೆರಿಕದಲ್ಲಿ ಮೊದಲ ಸಾರ್ವಜನಿಕ ಜೂನಿಯರ್ ಕಾಲೇಜು ಶುರುವಾಗಿದ್ದು 1901ರಲ್ಲಿ, ಇಲಿನಾಯ್ ರಾಜ್ಯದ ಜೋಲಿಯೆಟ್ ಅನ್ನೋ ಊರಲ್ಲಿ. ಆರು ಜನ ವಿದ್ಯಾರ್ಥಿಗಳು, ಅಷ್ಟೇ. ಅಲ್ಲಿನ ಹೈಸ್ಕೂಲು ಮುಖ್ಯಸ್ಥ ಸ್ಟ್ಯಾನ್ಲಿ ಬ್ರೌನ್ ಮತ್ತು ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಸೇರಿ ಮಾಡಿದ ಪ್ರಯೋಗ ಅದು. ಮಕ್ಕಳು ಮನೆಯಲ್ಲೇ ಇದ್ದು ಮೊದಲೆರಡು ವರ್ಷದ ಪಾಠ ಊರಲ್ಲೇ ಓದಲಿ, ಆಮೇಲೆ ವಿಶ್ವವಿದ್ಯಾಲಯಕ್ಕೆ ಹೋಗಲಿ ಅನ್ನೋದು ಲೆಕ್ಕಾಚಾರ. ಗಮನಿಸಿ, ಒಂದು ಕಡೆ ಓದಿದ್ದನ್ನು ಇನ್ನೊಂದು ಕಡೆ ಒಪ್ಪಿಕೊಳ್ಳೋ ವಿಚಾರ ಮಧ್ಯದಲ್ಲಿ ಬಂದಿದ್ದಲ್ಲ. ಕಾಲೇಜು ಹುಟ್ಟಿದ್ದೇ ಅದರ ಮೇಲೆ.

ಇವತ್ತು ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ 116 ಕಾಲೇಜುಗಳಿವೆ. ಪ್ರವೇಶಕ್ಕೆ ಕಟಾಫ್ ಇಲ್ಲ. ಹೈಸ್ಕೂಲು ಮುಗಿಸಿ ಬಂದವರಿಗೆ ಬಾಗಿಲು ತೆರೆದೇ ಇರುತ್ತೆ. ಹದಿನೆಂಟರ ಹುಡುಗನ ಪಕ್ಕ ನಲವತ್ತರ ತಾಯಿ ಕೂತಿರ್ತಾರೆ. ಒಂದು ಕೋಣೆಯಲ್ಲಿ ವೆಲ್ಡಿಂಗು, ಪಕ್ಕದ ಕೋಣೆಯಲ್ಲಿ ನರ್ಸಿಂಗು, ಅದರಾಚೆ ಕ್ಯಾಲ್ಕುಲಸ್. ಫೀಸು? ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್‌ಗೆ 46 ಡಾಲರ್. ಎರಡು ವರ್ಷಕ್ಕೆ 60 ಯೂನಿಟ್ ಅಂತ ಹಿಡಿದರೆ 2,760 ಡಾಲರ್. ಅದೇ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ, ಅಂದ್ರೆ ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್‌ಗಳಿರುವ ಯುಸಿಯಲ್ಲಿ, ನಿವಾಸಿಗಳಿಗೇ ಒಂದು ವರ್ಷದ ಟ್ಯೂಷನ್ 14 ಸಾವಿರ ಡಾಲರ್ ದಾಟುತ್ತೆ. ಊಟ, ವಸತಿ ಬೇರೆ. ಮೊದಲೆರಡು ವರ್ಷ ಇಲ್ಲಿ ಓದಿ, ಕೊನೆಯ ಎರಡು ವರ್ಷ ಅಲ್ಲಿ ಓದಿದರೂ ಪದವಿ ಪ್ರಮಾಣಪತ್ರ ಯುಸಿಯದ್ದೇ.

ಇದು ಎರಡನೇ ದರ್ಜೆಯವರ ದಾರಿ ಅಂತ ಯಾರಾದರೂ ಅಂದ್ರೆ ಒಂದು ಹೆಸರು ಹೇಳಿ. ಐಲೀನ್ ಕಾಲಿನ್ಸ್. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಮ್ಯುನಿಟಿ ಕಾಲೇಜಿನಲ್ಲಿ 1976ರಲ್ಲಿ ಎರಡು ವರ್ಷದ ಪದವಿ, ಅಲ್ಲಿಂದ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ ವರ್ಗ, 1978ರಲ್ಲಿ ಪದವಿ. 1999ರಲ್ಲಿ ಬಾಹ್ಯಾಕಾಶ ಶಟಲ್‌ಗೆ ಕಮಾಂಡರ್ ಆದ ಮೊದಲ ಮಹಿಳೆ. ನಮ್ಮ ಕಲ್ಪನಾ ಚಾವ್ಲಾ ಅವರಿದ್ದ ಕೊಲಂಬಿಯಾ 2003ರಲ್ಲಿ ನಾಶವಾದ ಮೇಲೆ, 2005ರಲ್ಲಿ ಮತ್ತೆ ಹಾರಿದ ಮೊದಲ ಶಟಲ್‌ನ ಕಮಾಂಡರ್ ಕೂಡ ಇವರೇ. ಊರ ಕಾಲೇಜಿನಿಂದ ಹೊರಟವರು.

ಹಾಗಾದ್ರೆ ತೊಂದರೆ ಎಲ್ಲಿ? ಆ "ವರ್ಗ" ಅನ್ನೋ ಪದದಲ್ಲಿ.

ನಮಗೆ ಇದು ಸುಲಭವಾಗಿ ಅರ್ಥ ಆಗಬೇಕು ಅಂದ್ರೆ ನಮ್ಮ ಡಿಪ್ಲೊಮಾ ನೆನಪು ಮಾಡಿಕೊಳ್ಳಿ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷ ಪಾಲಿಟೆಕ್ನಿಕ್, ಆಮೇಲೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ. ಲ್ಯಾಟರಲ್ ಎಂಟ್ರಿ ಅಂತೀವಿ. ನಾನು ಎಂಜಿನಿಯರಿಂಗ್ ಓದುವಾಗ ಹಾಗೆ ಬಂದ ಗೆಳೆಯ ಒಬ್ಬನಿದ್ದ. ವರ್ಕ್‌ಶಾಪಿನಲ್ಲಿ ಅವನ ಕೈ ಚಳಕ ನೋಡಿದ್ರೆ ನಾವೆಲ್ಲ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಆದರೆ ನಾವು ಮೊದಲ ವರ್ಷ ಓದಿದ್ದ ಗಣಿತ ಅವನು ಓದಿರಲಿಲ್ಲ. ಅದಕ್ಕೆ ವಿಟಿಯು ಲ್ಯಾಟರಲ್ ಎಂಟ್ರಿಯವರಿಗೆ ಅಂತಲೇ ಹೆಚ್ಚುವರಿ ಗಣಿತದ ಪೇಪರ್ ಇಟ್ಟಿತ್ತು. ನಾವು ಸಂಜೆ ಕ್ಯಾಂಟೀನಿಗೆ ಹೋದರೆ ಅವನು ಇಂಟಿಗ್ರೇಷನ್ ಮಾಡ್ತಾ ಕೂತಿರ್ತಿದ್ದ. ಕೊನೆಗೆ ನನಗಿಂತ ಜಾಸ್ತಿ ಪರ್ಸೆಂಟೇಜ್ ತಗೊಂಡ, ಅದು ಬೇರೆ ಮಾತು.

ಆದರೆ ನಮ್ಮದಕ್ಕೂ ಅವರದ್ದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಡಿಪ್ಲೊಮಾ ಅನ್ನೋದನ್ನು ಇಡೀ ಮೂಟೆಯಾಗಿ ತೂಗ್ತಾರೆ. ಪಾಸಾಗಿದೀಯಾ, ರ‍್ಯಾಂಕ್ ಇದೆಯಾ, ಬಾ ಎರಡನೇ ವರ್ಷಕ್ಕೆ. ಅಮೆರಿಕದಲ್ಲಿ ಮೂಟೆ ಬಿಚ್ಚುತ್ತಾರೆ. ಒಂದೊಂದೇ ಕೋರ್ಸನ್ನು ಹೊರಗೆ ತೆಗೆದು ನೋಡ್ತಾರೆ. ಇದು ಬೇಕು, ಇದು ಬೇಡ, ಇದು ಬೇಕು ಆದರೆ ಇಲ್ಲಿಗಲ್ಲ ಅಂತ ಪಕ್ಕಕ್ಕಿಡ್ತಾರೆ.

ಈ ಅಳತೆಯ ಮೂಲಮಾನವೇ ಕ್ರೆಡಿಟ್, ಅಥವಾ ಯೂನಿಟ್. ಸ್ಥೂಲವಾಗಿ ಹೇಳೋದಾದ್ರೆ, ವಾರಕ್ಕೆ ಒಂದು ಗಂಟೆ ಪಾಠ, ಅದಕ್ಕೆ ಎರಡು ಗಂಟೆ ಮನೆ ಓದು, ಹೀಗೆ ಒಂದು ಸೆಮಿಸ್ಟರ್ ಪೂರ್ತಿ ಮಾಡಿದರೆ ಒಂದು ಯೂನಿಟ್. ವಾರಕ್ಕೆ ಮೂರು ಗಂಟೆಯ ಪಾಠ ಮೂರು ಯೂನಿಟ್. ಯುಸಿಗೆ ಮೂರನೇ ವರ್ಷಕ್ಕೆ ವರ್ಗ ಆಗಬೇಕಾದ್ರೆ ಇಂಥ 60 ಸೆಮಿಸ್ಟರ್ ಯೂನಿಟ್ ಬೇಕು.

ಇಲ್ಲೇ ಮೊದಲ ಗೊಂದಲ. ಹಿಂದೆ ನಮ್ಮಲ್ಲಿ ಒಂದೂರಿನ ಸೇರಿಗೂ ಇನ್ನೊಂದೂರಿನ ಸೇರಿಗೂ ವ್ಯತ್ಯಾಸ ಇರ್ತಿತ್ತಲ್ಲ, ಹಾಗೆ. ಕೆಲವು ಕಾಲೇಜುಗಳು ವರ್ಷವನ್ನು ಎರಡು ಸೆಮಿಸ್ಟರ್ ಮಾಡ್ತವೆ. ಕೆಲವು ಕ್ವಾರ್ಟರ್ ಲೆಕ್ಕದಲ್ಲಿ ನಡೀತವೆ, ಮುಖ್ಯವಾಗಿ ಮೂರು ಕ್ವಾರ್ಟರ್. ಒಂದು ಸೆಮಿಸ್ಟರ್ ಯೂನಿಟ್ ಅಂದ್ರೆ ಒಂದೂವರೆ ಕ್ವಾರ್ಟರ್ ಯೂನಿಟ್. ಹಾಗಾಗಿ 60 ಅಲ್ಲಿ 90 ಆಗುತ್ತೆ. ಬರೀ ಗುಣಾಕಾರ ಆಗಿದ್ರೆ ಚಿಂತೆ ಇರಲಿಲ್ಲ. ಆದರೆ ಒಂದು ವರ್ಷದ ಕ್ಯಾಲ್ಕುಲಸ್ ಒಂದು ಕಡೆ ಎರಡು ತುಂಡು, ಇನ್ನೊಂದು ಕಡೆ ಮೂರು ತುಂಡು. ಮೂರರಲ್ಲಿ ಎರಡು ತುಂಡು ಓದಿ ಕಾಲೇಜು ಬದಲಿಸಿದವನು ಎರಡರಲ್ಲಿ ಒಂದು ತುಂಡು ಪೂರ್ತಿ, ಇನ್ನೊಂದರಲ್ಲಿ ಮೂರನೇ ಒಂದು ಭಾಗ ಓದಿದ ಹಾಗೆ. ಆ ಮೂರನೇ ಒಂದು ಭಾಗವನ್ನು ಯಾರೂ ಕೊಳ್ಳಲ್ಲ.

ಈಗ ನನ್ನ ತಪ್ಪಿನ ಕಥೆಗೆ ಬರ್ತೀನಿ.

ಅಕ್ಕ, ಭಾವ ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೋಗಿ ಹದಿನೈದು ವರ್ಷ ದಾಟಿತ್ತು. ಭಾವನದು ಎಚ್-1ಬಿ, ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯ್ತಾನೇ ಇದ್ದಾರೆ. ಹುಡುಗನದು ಎಚ್-4. ಅವನು ಕಮ್ಯುನಿಟಿ ಕಾಲೇಜಿಗೆ ಸೇರಿ, ಎರಡು ವರ್ಷದಲ್ಲಿ ಯುಸಿಯ ಒಂದು ಕ್ಯಾಂಪಸ್ಸಿಗೆ ಎಂಜಿನಿಯರಿಂಗ್‌ಗೆ ವರ್ಗ ಆಗೋದು ಅಂತ ತೀರ್ಮಾನ. ಮೊದಲ ಸೆಮಿಸ್ಟರ್‌ಗೆ ಮುಂಚೆ ನನಗೆ ಫೋನ್ ಮಾಡಿದ.

"ಮಾಮ, ಇಲ್ಲಿ ಎರಡು ಥರ ಫಿಸಿಕ್ಸ್ ಇದೆ. ಒಂದರಲ್ಲಿ ಕ್ಯಾಲ್ಕುಲಸ್ ಇದೆ, ಒಂದರಲ್ಲಿ ಇಲ್ಲ. ಯಾವುದು ತಗೊಳ್ಳಲಿ?"

ನಾನು ಸ್ಟುಡಿಯೋಗೆ ಹೊರಟಿದ್ದೆ. ಕಾರಿನಲ್ಲಿ ಕೂತು, ಎಂಜಿನಿಯರಿಂಗ್ ಮುಗಿಸಿದವನ ಗತ್ತಿನಲ್ಲಿ ಹೇಳಿದೆ, "ಅಯ್ಯೋ, ಫಿಸಿಕ್ಸ್ ಫಿಸಿಕ್ಸೇ ಕಣೋ. ಸುಲಭದ್ದು ತಗೋ. ಮಾರ್ಕ್ಸ್ ಚೆನ್ನಾಗಿ ಬರುತ್ತೆ, ಜಿಪಿಎ ಉಳಿಯುತ್ತೆ. ಎರಡೂ ಯುಸಿಗೆ ವರ್ಗ ಆಗುತ್ತಾ?" ಅವನು ನೋಡಿ ಹೇಳಿದ, "ಹೌದು ಮಾಮ, ಎರಡಕ್ಕೂ ಟ್ರಾನ್ಸ್‌ಫರಬಲ್ ಅಂತಲೇ ಬರೆದಿದೆ." "ಮತ್ತಿನ್ನೇನು!" ಅಂದೆ.

ಆ "ಮತ್ತಿನ್ನೇನು" ಅವನ ಒಂದು ವರ್ಷ ತಿಂದಿತು.

ಹೇಗೆ ಅಂತ ನೋಡಿ. ವರ್ಗ ಆಗುತ್ತೆ ಅನ್ನೋದೇ ಬೇರೆ, ಉಪಯೋಗಕ್ಕೆ ಬರುತ್ತೆ ಅನ್ನೋದೇ ಬೇರೆ. ಟ್ರಾನ್ಸ್‌ಫರಬಲ್ ಅಂದ್ರೆ ಆ ಯೂನಿಟ್‌ಗಳನ್ನು ನಿಮ್ಮ ಖಾತೆಗೆ ಬರ್ಕೊಳ್ತಾರೆ. ಅಷ್ಟೇ. ಆ ಕೋರ್ಸು ನಿಮ್ಮ ಪದವಿಗೆ ಬೇಕಾದ ಕೋರ್ಸಿನ ಜಾಗ ತುಂಬುತ್ತಾ ಅನ್ನೋದು ಎರಡನೇ ಪ್ರಶ್ನೆ. ಆ ವಿಭಾಗ ನಿಮ್ಮನ್ನು ತಗೊಳ್ಳುತ್ತಾ ಅನ್ನೋದು ಮೂರನೇ ಪ್ರಶ್ನೆ. ಮೂರಕ್ಕೆ ಮೂರೂ ಹೌದು ಆಗಬೇಕು. ನಾವು ಮೊದಲನೆಯದಕ್ಕೆ ಉತ್ತರ ಸಿಕ್ಕಿದ ಕೂಡಲೇ ಫೋನ್ ಇಟ್ಟೆವು.

ಕ್ಯಾಲ್ಕುಲಸ್ ಇಲ್ಲದ ಫಿಸಿಕ್ಸು ಹೆಚ್ಚಾಗಿ ಜೀವಶಾಸ್ತ್ರ, ವೈದ್ಯಕೀಯದ ಕಡೆ ಹೋಗುವವರಿಗೆ. ಎಂಜಿನಿಯರಿಂಗ್‌ಗೆ ಬೇಕಾಗಿದ್ದು ಇನ್ನೊಂದು. ಹುಡುಗ ಮೊದಲ ವರ್ಷ ಎರಡು ಸೆಮಿಸ್ಟರ್‌ನಲ್ಲಿ ನಾಲ್ಕು ನಾಲ್ಕು, ಒಟ್ಟು 8 ಯೂನಿಟ್ ಮುಗಿಸಿದ. ಎರಡಕ್ಕೂ ಎ ಗ್ರೇಡ್. ಅಜ್ಜಿಗೆ ಫೋನ್ ಮಾಡಿ ಹೇಳಿದ. ಎರಡನೇ ವರ್ಷದ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕೋಕೆ ಕೂತಾಗ ಗೊತ್ತಾಯ್ತು, ಈ ಫಿಸಿಕ್ಸು ಆ ಪದವಿಗೆ ಲೆಕ್ಕಕ್ಕೇ ಇಲ್ಲ ಅಂತ. ಹೋಗಲಿ, ಬೇರೆ ಫಿಸಿಕ್ಸ್ ಈಗ ಓದಿಬಿಡೋಣ ಅಂದ್ರೆ ಅದು ಮೂರು ಸೆಮಿಸ್ಟರ್‌ನ ಸರಪಳಿ. ಒಂದು ಮುಗಿಸದೆ ಎರಡಕ್ಕೆ ಬಿಡಲ್ಲ, ಎರಡು ಮುಗಿಸದೆ ಮೂರಕ್ಕೆ ಬಿಡಲ್ಲ. ಆ ಸೆಮಿಸ್ಟರ್ ಆಗಸ್ಟ್‌ನಲ್ಲೇ ಶುರುವಾಗಿ ಸೀಟು ತುಂಬಿತ್ತು. ಜನವರಿಯಿಂದ ಶುರು ಮಾಡಿದರೆ ಮುಗಿಯೋದು ಅದರ ಮುಂದಿನ ವರ್ಷದ ಮೇ ತಿಂಗಳಿಗೆ. ಯುಸಿಗೆ ಸೇರುವ ವರ್ಷದ ಬೇಸಿಗೆಗೆ ಮೊದಲೇ ಮುಖ್ಯ ವಿಷಯಗಳು ಮುಗಿದಿರಬೇಕು. ಅಲ್ಲಿಗೆ ಒಂದು ವರ್ಷ ಹೋಯ್ತು.

ಇನ್ನೂ ಒಂದು ಪೆಟ್ಟು ಬಾಕಿ ಇತ್ತು. ಎರಡೂ ಫಿಸಿಕ್ಸ್ ಸರಣಿ ಓದಿದರೆ ಯುಸಿ ಒಂದು ಸರಣಿಗೆ ಮಾತ್ರ ಕ್ರೆಡಿಟ್ ಕೊಡುತ್ತೆ. ಅಂದ್ರೆ ಆ ಎ ಗ್ರೇಡಿನ 8 ಯೂನಿಟ್ ಗಾಳಿಗೆ. ಹಣದ ಲೆಕ್ಕದಲ್ಲಿ 368 ಡಾಲರ್. ನಾನು ಕಳಿಸ್ತೀನಿ ಅಂದೆ, ಭಾವ ನಕ್ಕು ಸುಮ್ಮನಾದರು. ಆದರೆ ವಯಸ್ಸಿನ ಲೆಕ್ಕದಲ್ಲಿ ಅದು ಒಂದು ವರ್ಷ. ಎಚ್-4 ಮಕ್ಕಳಿಗೆ ವಯಸ್ಸಿನ ಗಡಿಯಾರ ಬೇರೆಯೇ ಓಡುತ್ತೆ. 21 ತುಂಬಿದ ದಿನ ಅಪ್ಪ ಅಮ್ಮನ ವೀಸಾದ ನೆರಳು ಮುಗಿಯುತ್ತೆ. ಸ್ವಂತ ವಿದ್ಯಾರ್ಥಿ ವೀಸಾ ಹುಡುಕಬೇಕು. ವೀಸಾ ಬದಲಾದರೆ ರಾಜ್ಯದ ನಿವಾಸಿ ಅನ್ನೋ ಫೀಸಿನ ಲೆಕ್ಕವೂ ಅಲುಗಾಡಬಹುದು. ಯುಸಿಯಲ್ಲಿ ಹೊರಗಿನವರು ಕಟ್ಟೋ ಹೆಚ್ಚುವರಿ ಹಣವೇ ವರ್ಷಕ್ಕೆ 30 ಸಾವಿರ ಡಾಲರ್‌ಗಿಂತ ಮೇಲೆ. ಎರಡು ವರ್ಷದಲ್ಲಿ ವರ್ಗ ಆಗಿದ್ದರೆ 20ನೇ ವಯಸ್ಸಿಗೆ ಯುಸಿಯ ಒಳಗಿರ್ತಿದ್ದ. ಈಗ ಹೊರಗಿದ್ದಾಗಲೇ 21 ಆಗುತ್ತೆ. ಆ ರಾತ್ರಿ ಅಕ್ಕ ಫೋನಿನಲ್ಲಿ ನನಗೆ ಒಂದೇ ಒಂದು ಕಟು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ನಮ್ಮ ಹುಡುಗ ಒಬ್ಬನ ಕಥೆ ಅಲ್ಲ ಇದು. ನಮ್ಮ ಸಿಎಜಿ ಥರ ಅಮೆರಿಕದಲ್ಲಿ ಜಿಎಒ ಅಂತ ಸರ್ಕಾರಿ ಲೆಕ್ಕ ಪರಿಶೋಧನಾ ಸಂಸ್ಥೆ ಇದೆ. ಅದು 2017ರಲ್ಲಿ ಒಂದು ವರದಿ ಕೊಟ್ಟಿತು. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ಸರಾಸರಿ ಶೇ. 43ರಷ್ಟು ಕ್ರೆಡಿಟ್ ಕಳೆದುಕೊಂಡಿದ್ದರು ಅಂತ ಅದರ ಅಂದಾಜು. ಸರ್ಕಾರಿ ಕಾಲೇಜಿನಿಂದ ಸರ್ಕಾರಿ ಕಾಲೇಜಿಗೆ ಹೋದವರೂ ಶೇ. 37ರಷ್ಟು ಕಳೆದುಕೊಂಡಿದ್ದರು. ಇನ್ನೊಂದು ಲೆಕ್ಕ ಕೇಳಿ. ಕಮ್ಯುನಿಟಿ ಕಾಲೇಜಿಗೆ ಸೇರುವವರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ನಾಲ್ಕು ವರ್ಷದ ಪದವಿಯ ಆಸೆ. ಆರು ವರ್ಷದೊಳಗೆ ಆ ಪದವಿ ಕೈಗೆ ಬರೋದು ನೂರಕ್ಕೆ ಸುಮಾರು 16 ಮಂದಿಗೆ. ಕೆಲಸ, ಸಂಸಾರ, ಹಣದ ಅಡಚಣೆ ಇದಕ್ಕೆ ಕಾರಣ ಇರಬಹುದು. ಆದರೆ ಓದಿದ್ದನ್ನೇ ಮತ್ತೆ ಓದು ಅಂದ್ರೆ ಸಂಸಾರ ಇರೋ ಮನುಷ್ಯ ಎಷ್ಟು ಸಲ ಓದಿಯಾನು?

ಹಾಗಂತ ಅಲ್ಲಿನ ಸರ್ಕಾರ ಕಣ್ಣು ಮುಚ್ಚಿ ಕೂತಿದೆ ಅಂತಲ್ಲ. ಕ್ಯಾಲಿಫೋರ್ನಿಯಾ 1960ರಲ್ಲೇ ಒಂದು ಮಹಾ ಯೋಜನೆ ಮಾಡಿತು. ಯುಸಿಯ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅದರ ಹಿಂದಿನ ದೊಡ್ಡ ತಲೆ. ಹೈಸ್ಕೂಲಿನ ಮೇಲಿನ ಎಂಟನೇ ಒಂದು ಭಾಗ ಯುಸಿಗೆ, ಮೇಲಿನ ಮೂರನೇ ಒಂದು ಭಾಗ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ಸಿಎಸ್‌ಯುಗೆ, ಉಳಿದವರಿಗೆಲ್ಲ ಕಮ್ಯುನಿಟಿ ಕಾಲೇಜು. ಆದರೆ ಕಮ್ಯುನಿಟಿ ಕಾಲೇಜಿನಲ್ಲಿ ಚೆನ್ನಾಗಿ ಓದಿದವನಿಗೆ ಮೂರನೇ ವರ್ಷಕ್ಕೆ ಮೇಲಿನ ಬಾಗಿಲು ತೆರೆದಿರಬೇಕು. ಹದಿನೇಳನೇ ವಯಸ್ಸಿನಲ್ಲಿ ಎಡವಿದವನಿಗೆ ಇಪ್ಪತ್ತಕ್ಕೆ ಇನ್ನೊಂದು ಅವಕಾಶ. ಪಿಯುಸಿಯಲ್ಲಿ ಎರಡು ಮಾರ್ಕ್ಸ್ ಕಮ್ಮಿ ಬಂತು ಅಂತ ಬದುಕೇ ಮುಗೀತು ಅಂದುಕೊಳ್ಳುವ ನಮ್ಮ ಮನೆಗಳು ಇದನ್ನು ಸ್ವಲ್ಪ ಯೋಚಿಸಬೇಕು.

ಆಮೇಲೆ ಒಂದೊಂದೇ ರಿಪೇರಿ ನಡೀತಾ ಬಂತು. ಅಸಿಸ್ಟ್ ಅಂತ ಒಂದು ಸರ್ಕಾರಿ ತಾಣ ಇದೆ. ನಿಮ್ಮ ಕಾಲೇಜು, ನೀವು ಹೋಗಬೇಕಾದ ಕ್ಯಾಂಪಸ್ಸು, ನಿಮ್ಮ ವಿಷಯ, ಮೂರನ್ನೂ ಹಾಕಿದರೆ ಇಲ್ಲಿನ ಯಾವ ಕೋರ್ಸು ಅಲ್ಲಿನ ಯಾವ ಕೋರ್ಸಿಗೆ ಸಮ ಅಂತ ಎದುರು ಬದುರು ತೋರಿಸುತ್ತೆ. ಹೊಂದಿಕೆ ಇಲ್ಲದಿದ್ದರೆ ಇಲ್ಲ ಅಂತಲೇ ಬರೆದಿರುತ್ತೆ. ನಾನು ಕಾರಿನಲ್ಲಿ ಕೂತು ಭಾಷಣ ಬಿಗಿದ ಬದಲು ಇದನ್ನು ತೆಗೆದು ನೋಡು ಅಂದಿದ್ದರೆ ಐದು ನಿಮಿಷದ ಕೆಲಸ. 2010ರಲ್ಲಿ ಇನ್ನೊಂದು ಕಾನೂನು ಬಂತು. ವರ್ಗಕ್ಕೆ ಅಂತಲೇ ವಿಶೇಷ ಎರಡು ವರ್ಷದ ಪದವಿ. ಅದನ್ನು ಮುಗಿಸಿದವರಿಗೆ ಸಿಎಸ್‌ಯುನಲ್ಲಿ ಎಲ್ಲೋ ಒಂದು ಕಡೆ ಸೀಟು ಖಾತ್ರಿ, ಆ ವಿಷಯಕ್ಕೆ ಹೊಂದುವ ಪದವಿಯಲ್ಲಿ ಉಳಿದ 60 ಯೂನಿಟ್‌ನಲ್ಲಿ ಓದು ಮುಗೀಬೇಕು. ಗಮನಿಸಿ, ಎಲ್ಲೋ ಒಂದು ಕಡೆ. ಕೇಳಿದ ಕ್ಯಾಂಪಸ್ಸಿನಲ್ಲೇ ಅಂತ ಭರವಸೆ ಇಲ್ಲ.

ಯುಸಿಯ ಆರು ಕ್ಯಾಂಪಸ್‌ಗಳು, ಅಂದ್ರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಟ್ಯಾಗ್ ಅಂತ ಪ್ರವೇಶ ಖಾತ್ರಿ ಒಪ್ಪಂದ ಕೊಡ್ತವೆ. ಹಿಂದಿನ ವರ್ಷದ ಸೆಪ್ಟೆಂಬರ್ 1ರಿಂದ 30ರೊಳಗೆ, ಒಂದೇ ಒಂದು ಕ್ಯಾಂಪಸ್ಸಿಗೆ ಅರ್ಜಿ. ಅವರು ಹೇಳಿದ ಕೋರ್ಸು, ಹೇಳಿದ ಗ್ರೇಡು ಬಂದರೆ ಸೀಟು ನಿಮ್ಮದು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಇದರಲ್ಲಿಲ್ಲ. ಕೊಡುವ ಕಡೆಯೂ ಕೆಲವು ಎಂಜಿನಿಯರಿಂಗ್ ವಿಷಯಗಳು ಈ ಭರವಸೆಯ ಹೊರಗಿವೆ. ನಮ್ಮವರು ಮುಗಿಬೀಳೋದೇ ಅದಕ್ಕೆ, ಹಾಗಾಗಿ ಸಣ್ಣ ಅಕ್ಷರ ಓದಿ. ಇನ್ನು ಭಾಷೆ, ಗಣಿತ, ಕಲೆ, ವಿಜ್ಞಾನ ಅಂತ ಎಲ್ಲರೂ ಓದಬೇಕಾದ ಸಾಮಾನ್ಯ ವಿಷಯಗಳಿಗೆ ಮೊದಲು ಯುಸಿಗೊಂದು, ಸಿಎಸ್‌ಯುಗೊಂದು ಪಟ್ಟಿ ಇತ್ತು. 2025ರ ಶೈಕ್ಷಣಿಕ ವರ್ಷದಿಂದ ಹೊಸಬರಿಗೆ ಎರಡಕ್ಕೂ ಸೇರಿ ಒಂದೇ ಪಟ್ಟಿ ಬಂದಿದೆ, ಕ್ಯಾಲ್-ಗೆಟ್‌ಸಿ ಅಂತ ಕರೀತಾರೆ. ಒಂದು ಗೊಂದಲ ಕಮ್ಮಿ ಆಯ್ತು.

ನಮ್ಮ ಕಾರ್ಯಕ್ರಮ ನೋಡುವವರಲ್ಲಿ ಬಹಳ ಜನರ ಮಕ್ಕಳು, ಮೊಮ್ಮಕ್ಕಳು, ಅಕ್ಕ ತಂಗಿಯರ ಮಕ್ಕಳು ಅಲ್ಲಿದ್ದಾರೆ. ಈಗ ಹೇಳೋದನ್ನು ಅವರಿಗೆ ಕಳಿಸಿ.

ಮೊದಲನೆಯದು, ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ಯಾವ ಕಾಲೇಜಿಗೆ ಸೇರಿದೀನಿ ಅನ್ನೋದರಿಂದ ಶುರು ಮಾಡಬೇಡಿ. ಎಲ್ಲಿಗೆ ಹೋಗಬೇಕು, ಯಾವ ವಿಷಯಕ್ಕೆ ಹೋಗಬೇಕು ಅನ್ನೋದರಿಂದ ಶುರು ಮಾಡಿ, ಅವರು ಕೇಳುವ ಕೋರ್ಸುಗಳ ಪಟ್ಟಿ ಮೊದಲ ದಿನವೇ ಗೋಡೆಗೆ ಅಂಟಿಸಿ. ಒಂದೇ ಎಂಜಿನಿಯರಿಂಗ್‌ಗೆ ಎರಡು ಕ್ಯಾಂಪಸ್ಸು ಎರಡು ಪಟ್ಟಿ ಕೊಡಬಹುದು.

ಎರಡನೆಯದು, ಸರಪಳಿ ಕೋರ್ಸುಗಳನ್ನು ಮೊದಲ ಸೆಮಿಸ್ಟರ್‌ನಿಂದಲೇ ಹಿಡಿಯಿರಿ. ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ. ಇತಿಹಾಸ, ಸಂಗೀತ ಯಾವಾಗ ಬೇಕಾದರೂ ಓದಬಹುದು. ಸರಪಳಿಯ ಒಂದು ಕೊಂಡಿ ತಪ್ಪಿದರೆ ವರ್ಷವೇ ತಪ್ಪುತ್ತೆ. ಶುರು ಮಾಡಿದ ಸರಣಿಯನ್ನು ಅದೇ ಕಾಲೇಜಿನಲ್ಲಿ ಮುಗಿಸಿ.

ಮೂರನೆಯದು, 60ಕ್ಕಿಂತ ಬಹಳ ಜಾಸ್ತಿ ಯೂನಿಟ್ ಕೂಡಿಟ್ಟರೆ ಲಾಭ ಇಲ್ಲ. ಕಮ್ಯುನಿಟಿ ಕಾಲೇಜಿನಿಂದ ಯುಸಿ ಒಪ್ಪೋದು ಹೆಚ್ಚೆಂದರೆ 70 ಸೆಮಿಸ್ಟರ್ ಯೂನಿಟ್. ಅದಕ್ಕಿಂತ ಹೆಚ್ಚಿದ್ದರೆ ವಿಷಯದ ಜಾಗ ತುಂಬಬಹುದು, ಯೂನಿಟ್ ಲೆಕ್ಕಕ್ಕೆ ಸೇರಲ್ಲ.

ನಾಲ್ಕನೆಯದು, ಗ್ರೇಡು. ಕೋರ್ಸು ವರ್ಗ ಆಗೋಕೆ ಸಾಮಾನ್ಯವಾಗಿ ಸಿ ಗ್ರೇಡ್ ಬೇಕು. ಪ್ರವೇಶ ಸಿಗೋಕೆ ಜಿಪಿಎ ಮುಖ್ಯ. ಯುಸಿಯಲ್ಲಿ ನಿವಾಸಿಗಳಿಗೆ ಕನಿಷ್ಠ 2.4, ಹೊರಗಿನವರಿಗೆ 2.8. ಕನಿಷ್ಠ ಅಂದ್ರೆ ಅರ್ಜಿ ಓದೋಕೆ ಅರ್ಹತೆ ಮಾತ್ರ, ಬೇಡಿಕೆಯ ವಿಷಯಗಳಿಗೆ ಇದಕ್ಕಿಂತ ಎಷ್ಟೋ ಮೇಲಿರಬೇಕು. ತಮಾಷೆ ಏನು ಅಂದ್ರೆ, ಒಳಗೆ ಹೋದ ಮೇಲೆ ಆ ಜಿಪಿಎ ಜೊತೆಗೆ ಬರಲ್ಲ. ಯೂನಿಟ್ ಬರುತ್ತೆ, ಗ್ರೇಡು ಸೊನ್ನೆಯಿಂದ ಶುರು.

ಐದನೆಯದು, ಪ್ರತಿ ಕೋರ್ಸಿನ ಪಠ್ಯಕ್ರಮದ ಪ್ರತಿ ಎತ್ತಿಡಿ. ರಾಜ್ಯ ದಾಟಿ ಹೋಗುವವರಿಗೆ, ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಅಸಿಸ್ಟ್ ಥರದ ಪಟ್ಟಿ ಸಿಗದಿದ್ದಾಗ, ಇದೇ ಪಾಠ ಓದಿದೀನಿ ಅಂತ ತೋರಿಸೋಕೆ ಇರೋ ಸಾಕ್ಷಿ ಅದೊಂದೇ. ಇಲ್ಲಿಂದ ಅರ್ಧ ಓದಿ ಅಲ್ಲಿಗೆ ಹೋಗುವ ನಮ್ಮ ವಿದ್ಯಾರ್ಥಿಗಳಿಗೂ ಇದು ಅನ್ವಯ. ಬರೀ ಮಾರ್ಕ್ಸ್ ಕಾರ್ಡ್ ಸಾಲದು.

ಆರನೆಯದು ಬೆಂಗಳೂರಿನಲ್ಲಿ ಕೂತು ಕೇಳುತ್ತಿರುವ ಅಪ್ಪ ಅಮ್ಮಂದಿರಿಗೆ. 46 ಡಾಲರ್ ಅನ್ನೋದು ಅಲ್ಲಿನ ನಿವಾಸಿಗಳಿಗೆ. ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವ ಮಕ್ಕಳಿಗೆ ಅದರ ಹಲವು ಪಟ್ಟು. ಕಮ್ಯುನಿಟಿ ಕಾಲೇಜು ಅಂದ್ರೆ ಅಗ್ಗ ಅಂತ ಏಜೆಂಟ್ ಹೇಳಿದರೆ, ಯಾರಿಗೆ ಅಗ್ಗ ಅಂತ ಕೇಳಿ. ಆ ಕಾಲೇಜಿಗೆ ಮಾನ್ಯತೆ ಕೊಟ್ಟ ಸಂಸ್ಥೆ ಯಾವುದು ಅಂತಲೂ ಕೇಳಿ. ಮಾನ್ಯತೆ ಇಲ್ಲದ ಕಡೆ ಗಳಿಸಿದ ಕ್ರೆಡಿಟ್ಟು ಚಲಾವಣೆ ನಿಂತ ನೋಟು.

ನೋಟು ಅಂದ ಮೇಲೆ ನಮ್ಮ ಮನೆ ವಿಷಯಕ್ಕೂ ಬರೋಣ. 2021ರಲ್ಲಿ ನಮ್ಮಲ್ಲೂ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಂದಿದೆ. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟು ಡಿಜಿಟಲ್ ಖಾತೆಯಲ್ಲಿ ಜಮಾ ಆಗುತ್ತೆ, ಕಾಲೇಜು ಬದಲಿಸಿದರೂ ಉಳಿಯುತ್ತೆ ಅನ್ನೋದು ಕಲ್ಪನೆ. ಕಲ್ಪನೆ ಚೆನ್ನಾಗಿದೆ. ಆದರೆ ಅಮೆರಿಕದ ನೂರು ಚಿಲ್ಲರೆ ವರ್ಷದ ಅನುಭವ ಏನು ಹೇಳುತ್ತೆ? ಬ್ಯಾಂಕಿನಲ್ಲಿ ಹಣ ಇದ್ದರೆ ಸಾಲದು, ಅಂಗಡಿಯವನು ಅದನ್ನು ತಗೋಬೇಕು. ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸು ಇನ್ನೊಂದರ ಯಾವ ಕೋರ್ಸಿಗೆ ಸಮ ಅಂತ ಎದುರು ಬದುರು ಬರೆದ ಪಟ್ಟಿ, ಎಲ್ಲರಿಗೂ ಕಾಣುವ ಹಾಗೆ, ಪ್ರತಿ ವರ್ಷ ತಿದ್ದುವ ಹಾಗೆ ಬೇಕು. ಮೈಸೂರಿನಲ್ಲಿ ಓದಿದ ಹುಡುಗಿ ಮದುವೆಯಾಗಿ ಕಲಬುರಗಿಗೆ ಹೋದರೆ, ಅವಳ ಎರಡು ವರ್ಷದ ಓದು ಅವಳ ಜೊತೆ ಹೋಗಬೇಕು. ಅಲ್ಲಿನ ಗುಮಾಸ್ತರ ಟೇಬಲ್ಲಿನ ಮೇಲೆ ಅವಳ ಫೈಲು ಕೊಳೆಯಬಾರದು. ಅಲ್ಲಿವರೆಗೂ ಖಾತೆ ತೆರೆದಿದೀವಿ ಅಂತ ಚಪ್ಪಾಳೆ ತಟ್ಟಿಕೊಳ್ಳೋದು ಬೇಡ.

ಕೊನೆಯದಾಗಿ, ಹುಡುಗನ ಕಥೆ ಏನಾಯ್ತು ಅಂತ ಕೇಳ್ತೀರಿ. ಮೂರು ಸೆಮಿಸ್ಟರ್ ಫಿಸಿಕ್ಸು ಮತ್ತೆ ಓದಿದ. ಸಂಜೆ ಹೊತ್ತು ಅದೇ ಕಾಲೇಜಿನಲ್ಲಿ ಗಣಿತ ಹೇಳಿಕೊಡೋ ಸಣ್ಣ ಕೆಲಸ ಮಾಡಿದ. 21 ತುಂಬುವ ಮೊದಲು ವಕೀಲರು, ಅರ್ಜಿ, ಕಾಯೋದು, ಎಲ್ಲ ಆಯ್ತು. ಭಾವ ಮನೆ ಕೊಳ್ಳುವ ಮಾತು ಬಿಟ್ಟರು. ಒಂದು ವರ್ಷ ತಡವಾಗಿ ಯುಸಿಗೆ ಸೇರಿದ. ಅವತ್ತು ನನಗೆ ಫೋನ್ ಮಾಡಿ, "ಮಾಮ, ಇಲ್ಲಿ ಒಂದು ಹೊಸ ಕೋರ್ಸ್ ತಗೋಬೇಕು, ಎರಡು ಆಯ್ಕೆ ಇದೆ" ಅಂದ. ನನ್ನ ಎದೆ ಧಸಕ್ ಅಂತು. "ನನ್ನ ಕೇಳಬೇಡ ಮಾರಾಯ, ಪಟ್ಟಿ ನೋಡು" ಅಂದೆ. ಆ ಕಡೆಯಿಂದ ಜೋರಾಗಿ ನಗು.

ಮೊನ್ನೆ ದಾವಣಗೆರೆಗೆ ಹೋಗಿದ್ದೆ. ಅದೇ ಹಿರಿಯರು ಸಿಕ್ಕಿ, "ನಿಮ್ಮ ಹುಡುಗ ಆ ಕಮ್ಯುನಿಟಿ ಕಾಲೇಜು ಮುಗಿಸಿದನಾ?" ಅಂದರು. ನಾನು ಬಾಯಿ ತೆಗೆಯೋದರೊಳಗೆ ಅಮ್ಮನೇ ಹೇಳಿದರು, "ಮುಗಿಸಿದ. ಈಗ ಯೂನಿವರ್ಸಿಟಿಲಿದಾನೆ. ಆ ಕಾಲೇಜು ಯಾವ ಕಮ್ಯುನಿಟಿಯವರದ್ದೂ ಅಲ್ಲ ಕಣ್ರೀ, ಊರವರದ್ದು. ಯಾರು ಬೇಕಾದರೂ ಓದಬಹುದು."